ಎರಡೂ ಕಂಟೇನರ್ ಓಡ್ತಿವೆ, ಆದ್ರೂ ಸೈಟ್‌ಗೆ ಡೇಟಾಬೇಸ್ ಸಿಗ್ತಿಲ್ಲ. ಯಾರಾದ್ರೂ ನೋಡ್ತೀರಾ?

ಹೊಂಗೆನೆರಳು
ನಮ್ಮ ಬರಹಗಾರರ ಗುಂಪಿನ ವರ್ಡ್‌ಪ್ರೆಸ್ ಸೈಟ್ ಡಾಕರ್ ಕಂಪೋಸ್‌ನಲ್ಲಿದೆ, ಅಂದ್ರೆ ಸೈಟಿನ ಒಂದೊಂದು ಭಾಗವೂ ತನ್ನದೇ ಪ್ರತ್ಯೇಕ ಡಬ್ಬಿಯಲ್ಲಿ (ಕಂಟೇನರ್) ಓಡುತ್ತೆ. ಇರೋದು ಎರಡೇ ಸರ್ವಿಸ್, ‘ವೆಬ್’ ಮತ್ತು ‘ಡಿಬಿ’. ಡಿಬಿ ಅಂದ್ರೆ ಮರಿಯಾಡಿಬಿ ಡೇಟಾಬೇಸ್. ಎರಡು ವರ್ಷದಿಂದ ಒಂದು ದಿನವೂ ತಂಟೆ ಮಾಡಿರಲಿಲ್ಲ. ನಿನ್ನೆ ಸಂಜೆ ಎಲ್ಲ ಚೊಕ್ಕ ಮಾಡೋಣ ಅಂತ ಕೂತು, ‘ಡೌನ್’ ಕೊಟ್ಟು ನಿಲ್ಲಿಸಿ, ಒಂದೆರಡು ಸಣ್ಣ ಬದಲಾವಣೆ ಮಾಡಿ, ಮತ್ತೆ ‘ಅಪ್ -ಡಿ’ ಕೊಟ್ಟೆ. ಅಷ್ಟೇ. ಈಗ ಬ್ರೌಸರ್‌ನಲ್ಲಿ ಬೋಳು ಪುಟ, ಮಧ್ಯದಲ್ಲಿ ದಪ್ಪಕ್ಷರದ ಒಂದೇ ಸಾಲು: ಡೇಟಾಬೇಸ್ ಸಂಪರ್ಕ ಆಗ್ತಿಲ್ಲ ಅಂತ.

‘ಪಿಎಸ್’ ಕೊಟ್ಟು ನೋಡಿದ್ರೆ ಎರಡೂ ‘ಅಪ್’ ಅಂತಲೇ ತೋರಿಸ್ತಿದೆ. ಸರ್ವರ್ ರೀಸ್ಟಾರ್ಟ್ ಮಾಡಿದ್ದೂ ಆಯ್ತು. ಗುಂಪಿನವರ ಸಾವಿರಕ್ಕೂ ಮೇಲೆ ಬರಹ ಅದರಲ್ಲಿದೆ. ನಿನ್ನೆ ರಾತ್ರಿ ಕಣ್ಣು ಮುಚ್ಚಿಲ್ಲ. ಎಲ್ಲಿಂದ ಹುಡುಕೋಕೆ ಶುರು ಮಾಡಲಿ?

ಎರಡನೇಸಾಲು
ಹೋಸ್ಟ್ ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಅಂತ ಹಾಕಿದ್ದೀರಾ? ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದ್ರೆ ಆ ಕಂಟೇನರೇ. ವೆಬ್ ಕಂಟೇನರ್ ತನ್ನೊಳಗೇ ಡೇಟಾಬೇಸ್ ಹುಡುಕುತ್ತೆ, ಅಲ್ಲಿ ಇರಲ್ಲ. ಸರ್ವಿಸ್ ಹೆಸರು ‘ಡಿಬಿ’ ಅಂತ ಕೊಡಿ.

ಹೊಂಗೆನೆರಳು
ಇಲ್ಲ ಸರ್, ಮೊದಲಿಂದಲೂ ‘ಡಿಬಿ’ ಅಂತಲೇ ಇದೆ.

ಮುಂಗಾರು88
ನನಗೂ ಹೀಗೇ ಆಗಿತ್ತು. ‘ಡೌನ್ -ವಿ’ ಕೊಟ್ಟು ಮತ್ತೆ ‘ಅಪ್’ ಮಾಡಿ, ಎಲ್ಲ ಹೊಸದಾಗಿ ಏಳುತ್ತೆ. ಎರಡು ನಿಮಿಷದ ಕೆಲಸ.

ಸಾಲುಸಂಖ್ಯೆ
ಮೊದಲು ಲಾಗ್ ನೋಡಿ. ಆಮೇಲೆ ಉಳಿದ ಮಾತು. ಬ್ರೌಸರ್‌ನಲ್ಲಿ ಕಾಣೋ ಆ ಸಾಲು ಏನನ್ನೂ ಹೇಳಲ್ಲ, ಯಾವ ಕಾರಣಕ್ಕೆ ಸಂಪರ್ಕ ತಪ್ಪಿದ್ರೂ ವರ್ಡ್‌ಪ್ರೆಸ್ ಅದೇ ಸಾಲನ್ನೇ ತೋರಿಸುತ್ತೆ. ‘ಡಾಕರ್ ಕಂಪೋಸ್ ಲಾಗ್ಸ್ ವೆಬ್’ ಕೊಡಿ. ಅಲ್ಲಿ ಪಿಎಚ್‌ಪಿ ವಾರ್ನಿಂಗ್ ಒಂದು ಇರಬೇಕು, ಅದರಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತೆ. ಕಾಣದಿದ್ರೆ ವರ್ಡ್‌ಪ್ರೆಸ್ ಡಿಬಗ್ ಆನ್ ಮಾಡಿ.

2002 ಅಂದ್ರೆ ಡೇಟಾಬೇಸ್‌ನ ಬಾಗಿಲೇ ಸಿಕ್ಕಿಲ್ಲ. 1045 ಅಂದ್ರೆ ಬಾಗಿಲು ಸಿಕ್ಕಿದೆ, ಕೀಲಿ ತಪ್ಪು. 1049 ಅಂದ್ರೆ ಒಳಗೆ ಬಂದಿದ್ದೀರಿ, ಆದ್ರೆ ನೀವು ಕೇಳಿದ ಹೆಸರಿನ ಡೇಟಾಬೇಸ್ ಅಲ್ಲಿಲ್ಲ. 1040 ಅಂದ್ರೆ ಮನೆ ತುಂಬಿದೆ, ಏಕಕಾಲದ ಕನೆಕ್ಷನ್ ಮಿತಿ ಮುಗಿದಿದೆ. ಆ ಮಿತಿ ಡಿಫಾಲ್ಟ್ ಆಗಿ 151. ಸಂಖ್ಯೆ ಹೇಳಿ, ಅರ್ಧ ದಾರಿ ಅಲ್ಲೇ ಸವೆಯುತ್ತೆ.

ನೀಲಿಶಾಯಿ
ಒಂದು ತಿದ್ದುಪಡಿ. ಪಿಎಚ್‌ಪಿಯಲ್ಲಿ 2002 ಮೂರು ಬೇರೆ ಬೇರೆ ಕಾರಣಕ್ಕೆ ಬರುತ್ತೆ, ಸಂಖ್ಯೆಯ ಜೊತೆ ಬಾಲವನ್ನೂ ಓದಬೇಕು. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂತಿದ್ರೆ ಲೋಕಲ್‌ಹೋಸ್ಟ್ ಅಂತ ಕೊಟ್ಟು ಯುನಿಕ್ಸ್ ಸಾಕೆಟ್ (ಅದೇ ಯಂತ್ರದೊಳಗಿನ ಸಂಪರ್ಕಕ್ಕಿರೋ ಫೈಲ್) ಹುಡುಕ್ತಿದೆ. ‘ಕನೆಕ್ಷನ್ ರೆಫ್ಯೂಸ್ಡ್’ ಅಂತಿದ್ರೆ ವಿಳಾಸ ಸಿಕ್ಕಿದೆ, ಆ ಪೋರ್ಟ್‌ನಲ್ಲಿ ಯಾರೂ ಇಲ್ಲ. ‘ಗೆಟ್ ಅಡ್ರ್ ಇನ್ಫೋ ಫೇಲ್ಡ್’ ಅಂತಿದ್ರೆ ಹೆಸರೇ ಗೊತ್ತಾಗಿಲ್ಲ. ಎರಡು ಕಂಟೇನರ್ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿರಬಹುದು, ಇಲ್ಲವೇ ಡಿಬಿ ಕಂಟೇನರ್ ಸತ್ತಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ.

ಸಾಲುಸಂಖ್ಯೆ
ಒಪ್ಪಿದೆ. ಅದಕ್ಕೇ ಇನ್ನೊಂದು ವಿನಂತಿ: ದೋಷದ ಸಾಲನ್ನ ನಿಮ್ಮ ಮಾತಲ್ಲಿ ಹೇಳಬೇಡಿ, ಇದ್ದದ್ದನ್ನ ಇದ್ದ ಹಾಗೆ ಅಂಟಿಸಿ. ‘ಕನೆಕ್ಟ್ ಆಗ್ತಿಲ್ಲ’ ಅಂತ ಬರೆದ್ರೆ ನಾವು ಕತ್ತಲಲ್ಲಿ ತಡಕಾಡೋದೇ ಆಗುತ್ತೆ.

ಹೊಂಗೆನೆರಳು
ಸಿಕ್ತು. ಸಾಲು ಹೀಗಿದೆ: ಎಚ್‌ವೈ000/1045, ಅಕ್ಸೆಸ್ ಡಿನೈಡ್ ಫಾರ್ ಯೂಸರ್, ಆಮೇಲೆ ನಮ್ಮ ಯೂಸರ್ ಹೆಸರು, 172.20.0.3, ಕೊನೆಯಲ್ಲಿ ‘ಯೂಸಿಂಗ್ ಪಾಸ್‌ವರ್ಡ್: ಯೆಸ್’.

ಹಾಗಾದ್ರೆ ಪಾಸ್‌ವರ್ಡ್ ತಪ್ಪು ಅಂತಾಯ್ತು. ನಿನ್ನೆ ನಾನು ಸೆಟ್ಟಿಂಗ್ ಬರೆದಿಡೋ .ಎನ್ವ್ ಫೈಲ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಿದ್ದು ನಿಜ, ಹಳೇದು ತೀರಾ ಸುಲಭದ್ದಿತ್ತು. ಇನ್ನೊಂದು ವಿಷಯ, ಮುಂಗಾರು88 ಅವರು ಹೇಳಿದ ಹಾಗೆ ‘ಡೌನ್ -ವಿ’ ಕೊಟ್ಟು ‘ಅಪ್’ ಮಾಡಿದೆ. ಆದ್ರೂ ಇದೇ ದೋಷ.

ರಾತ್ರಿಪಾಳಿ
‘ಡೌನ್ -ವಿ’ ಕೊಟ್ಟುಬಿಟ್ರಾ?? ಆ ‘ವಿ’ ಅಂದ್ರೆ ವಾಲ್ಯೂಮ್, ಕಂಟೇನರ್ ಹೋದ್ರೂ ಡೇಟಾ ಉಳಿಯೋ ಜಾಗ. ಕಂಪೋಸ್ ಫೈಲ್‌ನಲ್ಲಿ ಘೋಷಿಸಿದ ಎಲ್ಲ ವಾಲ್ಯೂಮ್ ಅಳಿಸಿಹೋಗುತ್ತೆ, ಡೇಟಾಬೇಸ್ ಸಮೇತ. ಬ್ಯಾಕಪ್ ಇದೆಯಾ? ದಯವಿಟ್ಟು ಇನ್ನು ಯಾವ ಕಮಾಂಡೂ ಕೊಡಬೇಡಿ.

@ಮುಂಗಾರು88, ಇನ್ನೊಬ್ಬರ ಸೈಟ್‌ನಲ್ಲಿ ಏನಿದೆ ಅಂತ ಕೇಳದೇ ಈ ಸಲಹೆ ಕೊಡಬಾರದು. ಪ್ರಯೋಗಕ್ಕೆ ಮಾಡಿಕೊಂಡ ಸೆಟಪ್ ಆದ್ರೆ ಸರಿ. ಇವರು ಸಾವಿರ ಬರಹ ಇದೆ ಅಂತ ಮೊದಲನೇ ಪೋಸ್ಟಲ್ಲೇ ಬರೆದಿದ್ದಾರೆ.

ಮುಂಗಾರು88
ತಪ್ಪಾಯ್ತು. ನಾನು ನನ್ನ ಲ್ಯಾಪ್‌ಟಾಪ್‌ನಲ್ಲಿ ಕಲಿಯೋಕೆ ಇಟ್ಟುಕೊಂಡದ್ದನ್ನ ಮನಸ್ಸಲ್ಲಿಟ್ಟು ಹೇಳಿಬಿಟ್ಟೆ. ಹೊಂಗೆನೆರಳು ಅವರೇ, ಕ್ಷಮಿಸಿ. ಮೇಲಿನ ಪೋಸ್ಟ್ ತಿದ್ದಿ ಎಚ್ಚರಿಕೆ ಸೇರಿಸ್ತೀನಿ.

ಹೊಂಗೆನೆರಳು
ಬ್ಯಾಕಪ್ ಮೂರು ತಿಂಗಳ ಹಿಂದಿನದು.

ರಾತ್ರಿಪಾಳಿ ಅವರ ಪೋಸ್ಟ್ ನೋಡೋ ಮುಂಚೆ ಇನ್ನೊಂದು ಮಾಡಿಬಿಟ್ಟಿದ್ದೆ. ಈ ಸೈಟ್ ಮೊದಲು ಬೇರೆ ಹೋಸ್ಟಿಂಗ್‌ನಲ್ಲಿತ್ತು, ಅಲ್ಲಿಂದ ಫೈಲ್‌ಗಳನ್ನ ತಂದಾಗ ವರ್ಡ್‌ಪ್ರೆಸ್ ತನ್ನ ಸೆಟ್ಟಿಂಗ್ ಓದೋ ಡಬ್ಲ್ಯುಪಿ-ಕಾನ್ಫಿಗ್ ಫೈಲೂ ಜೊತೆಗೇ ಬಂದಿತ್ತು. ತೆರೆದು ನೋಡಿದ್ರೆ ಅದರಲ್ಲಿ ಹಳೇ ಪಾಸ್‌ವರ್ಡ್ ನೇರವಾಗಿ ಬರೆದಿತ್ತು. ಅಂದ್ರೆ .ಎನ್ವ್‌ನಲ್ಲಿ ನಾನು ಏನು ಬದಲಾಯಿಸಿದ್ರೂ ವರ್ಡ್‌ಪ್ರೆಸ್ ಅದನ್ನ ನೋಡ್ತಾನೇ ಇರಲಿಲ್ಲ. ಅಲ್ಲಿ ಹೊಸ ಪಾಸ್‌ವರ್ಡ್ ಹಾಕಿದೆ. ದೋಷ ಹೋಯ್ತು. ಖುಷಿಯಿಂದ ರಿಫ್ರೆಶ್ ಕೊಟ್ಟರೆ ಬಂದದ್ದು ವರ್ಡ್‌ಪ್ರೆಸ್ ಇನ್‌ಸ್ಟಾಲ್ ಮಾಡೋ ಪುಟ. ಭಾಷೆ ಆಯ್ಕೆ ಮಾಡಿ ಅಂತ ಉದ್ದ ಪಟ್ಟಿ, ಕೆಳಗೆ ‘ಮುಂದುವರಿಸಿ’ ಬಟನ್. ಕೈ ನಡುಗ್ತಿದೆ. ಎಲ್ಲ ಹೋಯ್ತಾ?

ರಾತ್ರಿಪಾಳಿ
ಆ ಬಟನ್ ಒತ್ತಬೇಡಿ. ಟ್ಯಾಬ್ ಮುಚ್ಚಿ. ಈಗ ಎರಡು ಪ್ರಶ್ನೆ.

ಒಂದು, ‘ಒಂದೆರಡು ಸಣ್ಣ ಬದಲಾವಣೆ’ ಅಂದ್ರಲ್ಲ, ಅದರಲ್ಲಿ ಫೋಲ್ಡರ್ ಹೆಸರು ಬದಲಾಯಿಸಿದ್ದೂ ಇದೆಯಾ? ಎರಡು, ‘ಡಾಕರ್ ವಾಲ್ಯೂಮ್ ಎಲ್ಎಸ್’ ಕೊಟ್ಟರೆ ಏನು ಬರುತ್ತೆ? ಅದು ಬರೀ ಪಟ್ಟಿ ತೋರಿಸುತ್ತೆ, ಏನನ್ನೂ ಮುಟ್ಟಲ್ಲ.

ಗೂಡುದೀಪ
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಸೈಟ್ ಜಾಂಗೋ ಅನ್ನೋ ವೆಬ್ ಫ್ರೇಮ್‌ವರ್ಕ್‌ನಲ್ಲಿದೆ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಹೋಸ್ಟ್ ‘ಡಿಬಿ’, ಪೋರ್ಟ್ 5433. ಲ್ಯಾಪ್‌ಟಾಪ್‌ನಿಂದ ಡೇಟಾಬೇಸ್ ನೋಡೋ ಸಾಫ್ಟ್‌ವೇರ್‌ನಲ್ಲಿ 5433 ಕೊಟ್ಟರೆ ಸರಿಯಾಗಿ ತೆರೆಯುತ್ತೆ. ಜಾಂಗೋ ಕಂಟೇನರ್‌ನಿಂದ ಮಾತ್ರ ಕನೆಕ್ಷನ್ ರೆಫ್ಯೂಸ್ಡ್. ಒಂದೇ ಪೋರ್ಟ್, ಒಂದು ಕಡೆ ಆಗುತ್ತೆ, ಇನ್ನೊಂದು ಕಡೆ ಆಗಲ್ಲ. ಯಾಕೆ?

ಎರಡನೇಸಾಲು
ಕಂಪೋಸ್‌ನಲ್ಲಿ 5433:5432 ಅಂತ ಇದೆ ಅಲ್ವಾ? ಎಡಗಡೆಯದು ಹೊರಗಿನವರಿಗೆ, ಅಂದ್ರೆ ನಿಮ್ಮ ಲ್ಯಾಪ್‌ಟಾಪ್‌ಗೆ. ಕಂಟೇನರ್‌ನಿಂದ ಕಂಟೇನರ್‌ಗೆ ಹೋಗುವಾಗ ಆ ಮ್ಯಾಪಿಂಗ್ ಲೆಕ್ಕಕ್ಕೇ ಬರಲ್ಲ. ಒಳಗೆ ಪೋಸ್ಟ್‌ಗ್ರೆಸ್ ಕೂತಿರೋದು 5432ರಲ್ಲಿ. ಜಾಂಗೋ ಸೆಟ್ಟಿಂಗ್ಸ್‌ನಲ್ಲಿ 5432 ಕೊಡಿ.

ಕಪ್ಪುಪರದೆ
ಪೋರ್ಟ್ ಮಾತು ಬಂದದ್ದಕ್ಕೆ ಹೇಳ್ತೀನಿ. ಸರ್ವರ್‌ನಲ್ಲಿ ಡೇಟಾಬೇಸ್‌ನ ಪೋರ್ಟ್ಸ್ ಸಾಲೇ ಬೇಡ. ಒಂದೇ ಕಂಪೋಸ್ ನೆಟ್‌ವರ್ಕ್‌ನಲ್ಲಿದ್ರೆ ಅದಿಲ್ಲದೆಯೂ ವೆಬ್‌ಗೆ ಡಿಬಿ ಸಿಗುತ್ತೆ. ‘3306:3306’ ಅಂತ ಬರೆದ್ರೆ ಇಡೀ ಜಗತ್ತಿಗೆ ಬಾಗಿಲು ತೆರೆದ ಹಾಗೆ. ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದೀನಲ್ಲ ಅಂತ ನೆಮ್ಮದಿಯಾಗಿ ಇರೋಕಾಗಲ್ಲ, ಡಾಕರ್ ತನ್ನದೇ ಐಪಿಟೇಬಲ್ಸ್ ನಿಯಮ ಬರೆದುಕೊಳ್ಳುತ್ತೆ, ಟ್ರಾಫಿಕ್ ಯುಎಫ್‌ಡಬ್ಲ್ಯು ಕಣ್ಣಿಗೆ ಬೀಳದೇ ಒಳಗೆ ಹೋಗುತ್ತೆ. ಬೇಕೇ ಬೇಕು ಅಂದ್ರೆ ಮುಂದೆ 127.0.0.1 ಸೇರಿಸಿ, ಆಗ ಆ ಸರ್ವರ್ ಒಳಗಿನಿಂದ ಮಾತ್ರ ತೆರೆಯುತ್ತೆ.

ಹೊಂಗೆನೆರಳು
ಫೋಲ್ಡರ್ ಹೆಸರು ಬದಲಾಯಿಸಿದ್ದೆ! ಮೊದಲು ‘ಹೊಸಸೈಟ್’ ಅಂತಿತ್ತು, ಎರಡು ವರ್ಷ ಹಳೇದಾದ ಮೇಲೆ ಇನ್ನೇನು ಹೊಸದು ಅಂತ ‘ಕಥಾಸೈಟ್’ ಅಂತ ಮಾಡಿದೆ. ಇದಕ್ಕೂ ಡೇಟಾಬೇಸ್‌ಗೂ ಸಂಬಂಧ ಇರುತ್ತೆ ಅಂತ ಹೊಳೆಯಲೇ ಇಲ್ಲ, ಅದಕ್ಕೇ ಹೇಳಿರಲಿಲ್ಲ.

ವಾಲ್ಯೂಮ್ ಪಟ್ಟಿಯಲ್ಲಿ ಎರಡಿವೆ: ‘ಹೊಸಸೈಟ್_ಡಿಬಿಡೇಟಾ’ ಮತ್ತು ‘ಕಥಾಸೈಟ್_ಡಿಬಿಡೇಟಾ’.

ರಾತ್ರಿಪಾಳಿ
ಉಸಿರು ಬಿಡಿ. ನಿಮ್ಮ ಬರಹಗಳು ಮೊದಲನೆಯದರಲ್ಲಿವೆ. ‘ಡಾಕರ್ ಸಿಸ್ಟಮ್ ಡಿಎಫ್ -ವಿ’ ಕೊಟ್ಟು ಗಾತ್ರ ನೋಡಿ, ಜೊತೆಗೆ ಲಿಂಕ್ಸ್ ಕೂಡ, ಅಂದ್ರೆ ಅದನ್ನ ಎಷ್ಟು ಕಂಟೇನರ್ ಬಳಸ್ತಿವೆ ಅನ್ನೋ ಲೆಕ್ಕ. ಈ ‘-ವಿ’ ಬರೀ ವಿವರ ತೋರಿಸೋದು, ಹೆದರಬೇಡಿ.

ಹೊಂಗೆನೆರಳು
ಹೊಸಸೈಟ್ ಹತ್ತಿರ 640 ಎಂಬಿ, ಲಿಂಕ್ಸ್ 0. ಕಥಾಸೈಟ್ ಹತ್ತಿರ ಅದರ ಕಾಲುಭಾಗವೂ ಇಲ್ಲ, ಲಿಂಕ್ಸ್ 1. ಕಣ್ಣಲ್ಲಿ ನೀರು ಬಂತು.

ನೀಲಿಶಾಯಿ
ಏನಾಯ್ತು ಅಂತ ಬಿಡಿಸಿ ಹೇಳ್ತೀನಿ, ಇಂಥದ್ದು ಬಹಳ ಜನರಿಗೆ ಆಗುತ್ತೆ.

ಕಂಪೋಸ್ ಪ್ರತಿಯೊಂದಕ್ಕೂ ಒಂದು ಪ್ರಾಜೆಕ್ಟ್ ಹೆಸರು ಇಟ್ಟುಕೊಳ್ಳುತ್ತೆ. ನೀವು ಕೊಡದಿದ್ರೆ ಫೋಲ್ಡರ್ ಹೆಸರನ್ನೇ ತೆಗೆದುಕೊಳ್ಳುತ್ತೆ. ಕಂಟೇನರ್, ನೆಟ್‌ವರ್ಕ್, ವಾಲ್ಯೂಮ್ ಎಲ್ಲದರ ಹೆಸರಿನ ಶುರುವಲ್ಲೂ ಅದು ಅಂಟಿಕೊಳ್ಳುತ್ತೆ. ಫೋಲ್ಡರ್ ಹೆಸರು ಬದಲಾದಾಗ ಅದರ ಪಾಲಿಗೆ ಇದು ಯಾವುದೋ ಹೊಚ್ಚ ಹೊಸ ಪ್ರಾಜೆಕ್ಟ್. ಹಳೇ ವಾಲ್ಯೂಮ್ ಕಡೆ ತಿರುಗಿಯೂ ನೋಡದೇ ಖಾಲಿ ವಾಲ್ಯೂಮ್ ಒಂದನ್ನ ಹುಟ್ಟಿಸಿತು. ಖಾಲಿ ಇದ್ದದ್ದರಿಂದ ಮರಿಯಾಡಿಬಿ ಮೊದಲಿಂದ ತಯಾರಾಗಿ, .ಎನ್ವ್‌ನಲ್ಲಿದ್ದ ಹೊಸ ಪಾಸ್‌ವರ್ಡ್ ಇಟ್ಟುಕೊಂಡಿತು. ಇತ್ತ ವರ್ಡ್‌ಪ್ರೆಸ್ ಫೈಲ್‌ಗಳು ಫೋಲ್ಡರ್ ಒಳಗೇ ಇದ್ದವು ಅನ್ನಿಸುತ್ತೆ, ಅವು ಹಳೇ ಪಾಸ್‌ವರ್ಡ್ ಹಿಡಿದುಕೊಂಡೇ ಜೊತೆಗೆ ಬಂದವು. ಅದಕ್ಕೇ 1045. ಡಬ್ಲ್ಯುಪಿ-ಕಾನ್ಫಿಗ್ ತಿದ್ದಿದ ಮೇಲೆ ಕೀಲಿ ಹೊಂದಿತು, ಆದ್ರೆ ತೆರೆದದ್ದು ಖಾಲಿ ಮನೆ. ಅದಕ್ಕೇ ಇನ್‌ಸ್ಟಾಲ್ ಪುಟ.

‘ಡೌನ್ -ವಿ’ ಕೊಟ್ಟಾಗ ಅಳಿಸಿದ್ದೂ ಆ ಖಾಲಿ ವಾಲ್ಯೂಮನ್ನೇ. ನೀವು ಫೋಲ್ಡರ್ ಹೆಸರು ಬದಲಾಯಿಸದೇ ಬರೀ ಪಾಸ್‌ವರ್ಡ್ ಬದಲಾಯಿಸಿ ಇದೇ ಕಮಾಂಡ್ ಕೊಟ್ಟಿದ್ರೆ ಎರಡು ವರ್ಷದ ಬರಹ ಹೋಗಿರೋದು.

ಈಗ ಮಾಡಬೇಕಾದ್ದು: ‘ಡೌನ್’ ಕೊಡಿ, ಬರೀ ಡೌನ್. ಕಂಪೋಸ್ ಫೈಲ್‌ನ ಮೊದಲ ಸಾಲಲ್ಲಿ ‘ನೇಮ್: ಹೊಸಸೈಟ್’ ಅಂತ ಸೇರಿಸಿ. ಆಮೇಲೆ ‘ಅಪ್ -ಡಿ’.

ಕಪ್ಪುಪರದೆ
‘ನೇಮ್’ಗಿಂತ ವಾಲ್ಯೂಮನ್ನ ‘ಎಕ್ಸ್‌ಟರ್ನಲ್: ಟ್ರೂ’ ಅಂತ ಮಾಡಿ ಪೂರ್ತಿ ಹೆಸರು ಕೊಡೋದು ಮೇಲು. ಎಕ್ಸ್‌ಟರ್ನಲ್ ಅಂತ ಗುರುತಿಸಿದ ವಾಲ್ಯೂಮನ್ನ ‘ಡೌನ್ -ವಿ’ ಕೂಡ ಮುಟ್ಟಲ್ಲ.

ನೀಲಿಶಾಯಿ
ಮಾತು ಸರಿ. ಆದ್ರೆ ಹೊಸ ಸರ್ವರ್‌ನಲ್ಲಿ ಅದೇ ಫೈಲ್ ಇಟ್ಟು ‘ಅಪ್’ ಕೊಟ್ಟರೆ, ವಾಲ್ಯೂಮ್ ಇಲ್ಲ ಅಂತ ನಿಂತುಬಿಡುತ್ತೆ, ಮೊದಲು ಕೈಯಾರೆ ಸೃಷ್ಟಿಸಬೇಕು. ಇವರು ಒಬ್ಬರೇ ನೋಡಿಕೊಳ್ಳೋ ಸೈಟ್. ಸದ್ಯಕ್ಕೆ ಒಂದು ಸಾಲಿನ ಬದಲಾವಣೆ ಸಾಕು.

ಕಪ್ಪುಪರದೆ
ಹಾಗೆ ನಿಂತುಬಿಡೋದೇ ನನಗೆ ಬೇಕಾದ್ದು. ಸದ್ದಿಲ್ಲದೇ ಖಾಲಿ ಡೇಟಾಬೇಸ್ ಹುಟ್ಟಿಸೋದಕ್ಕಿಂತ ‘ಇಲ್ಲ’ ಅಂತ ಕೂಗಿ ನಿಲ್ಲೋದು ಲೇಸು. ಇವತ್ತು ಇವರಿಗೆ ಆದದ್ದೇ ಅದಕ್ಕೆ ಸಾಕ್ಷಿ.

ರಾತ್ರಿಪಾಳಿ
ಈ ಸಲ ಕಪ್ಪುಪರದೆ ಅವರ ಪಕ್ಷ ನಾನು. ಆದ್ರೆ ಮೊದಲು ಸೈಟ್ ಏಳಲಿ.

ಹೊಂಗೆನೆರಳು
‘ನೇಮ್’ ಹಾಕಿ ಅಪ್ ಮಾಡಿದೆ. ಮತ್ತೆ 1045! ಡಬ್ಲ್ಯುಪಿ-ಕಾನ್ಫಿಗ್‌ನಲ್ಲಿ ಹೊಸ ಪಾಸ್‌ವರ್ಡ್, .ಎನ್ವ್‌ನಲ್ಲೂ ಹೊಸದು, ಎರಡೂ ಒಂದೇ. ಅಕ್ಷರ ಅಕ್ಷರ ಹೋಲಿಸಿ ನೋಡಿದೆ.

ಸಾಲುಸಂಖ್ಯೆ
ಒಳ್ಳೇ ಸುದ್ದಿ ಅದು. ಹಳೇ ವಾಲ್ಯೂಮ್ ಬಂದಿದೆ ಅಂತ ಅರ್ಥ. ಮರಿಯಾಡಿಬಿ ಇಮೇಜ್ (ಕಂಟೇನರ್ ತಯಾರಾಗೋ ಅಚ್ಚು) .ಎನ್ವ್‌ನ ಆ ಪಾಸ್‌ವರ್ಡ್ ವೇರಿಯೇಬಲ್‌ಗಳನ್ನ ಓದೋದು ಡೇಟಾ ಡೈರೆಕ್ಟರಿ ಖಾಲಿ ಇದ್ದಾಗ, ಮೊದಲನೇ ಸಲ ಮಾತ್ರ. ಆಮೇಲೆ .ಎನ್ವ್‌ನಲ್ಲಿ ಏನೇ ಬರೆದ್ರೂ ಒಳಗಿನ ಪಾಸ್‌ವರ್ಡ್ ಬದಲಾಗಲ್ಲ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಇಮೇಜ್‌ಗಳೂ ಹಾಗೇ. ಹಳೇ ಮನೆಗೆ ಹಳೇ ಕೀಲಿಯೇ ಬೇಕು. ಹಳೇ ರೂಟ್ ಪಾಸ್‌ವರ್ಡ್, ಅಂದ್ರೆ ಡೇಟಾಬೇಸ್‌ನ ಮುಖ್ಯ ಯೂಸರ್‌ದು, ನೆನಪಿದೆಯಾ?

ಹೊಂಗೆನೆರಳು
ಹಳೇ .ಎನ್ವ್‌ನ ಪ್ರತಿ ಇಟ್ಟಿದ್ದೆ.

ಸಾಲುಸಂಖ್ಯೆ
ಹಾಗಾದ್ರೆ ಮೊದಲು ಬ್ಯಾಕಪ್. ‘ಡಾಕರ್ ಕಂಪೋಸ್ ಎಕ್ಸೆಕ್ -ಟಿ ಡಿಬಿ’ ಮುಂದೆ ಡೇಟಾಬೇಸ್‌ನ ನಕಲು ತೆಗೆಯೋ ಮರಿಯಾಡಿಬಿ-ಡಂಪ್, ಔಟ್‌ಪುಟ್ ಒಂದು ಫೈಲ್‌ಗೆ. ಆ ದೊಡ್ಡಕ್ಷರದ ‘-ಟಿ’ ಮರೆಯಬೇಡಿ, ಇಲ್ಲದಿದ್ರೆ ಟರ್ಮಿನಲ್‌ನ ಬೇಡದ ಅಕ್ಷರಗಳು ಡಂಪ್ ಒಳಗೆ ಸೇರಿಕೊಳ್ಳಬಹುದು. ಫೈಲ್‌ನ ಕೊನೆಯ ಸಾಲಲ್ಲಿ ‘ಡಂಪ್ ಕಂಪ್ಲೀಟೆಡ್’ ಇದೆಯಾ ನೋಡಿ.

ಆಮೇಲೆ ‘ಎಕ್ಸೆಕ್ ಡಿಬಿ ಮರಿಯಾಡಿಬಿ -ಯು ರೂಟ್ -ಪಿ’ ಕೊಟ್ಟು ಹಳೇ ರೂಟ್ ಪಾಸ್‌ವರ್ಡ್‌ನಿಂದ ಒಳಗೆ ಹೋಗಿ, ‘ಆಲ್ಟರ್ ಯೂಸರ್’ ಮೂಲಕ ಹೊಸ ಪಾಸ್‌ವರ್ಡ್ ಇಡಿ. ಯೂಸರ್ ಹೆಸರಿನ ಪಕ್ಕ ಹೋಸ್ಟ್ ಜಾಗದಲ್ಲಿ ಪರ್ಸೆಂಟ್ ಚಿಹ್ನೆ ಇರಲಿ, ಯಾವ ವಿಳಾಸದಿಂದ ಬಂದ್ರೂ ಸರಿ ಅಂತ ಅದರ ಅರ್ಥ. ಲೋಕಲ್‌ಹೋಸ್ಟ್ ಅಂತ ಹಾಕಬೇಡಿ. ವೆಬ್ ಕಂಟೇನರ್ ಬರೋದು 172ರ ವಿಳಾಸದಿಂದ.

ಇನ್ನೊಂದು: ಹೊಸ ಪಾಸ್‌ವರ್ಡ್‌ನಲ್ಲಿ ಡಾಲರ್ ಚಿಹ್ನೆ ಇದ್ದು, ಅದನ್ನ ಕಂಪೋಸ್ ಫೈಲ್‌ನಲ್ಲೇ ಬರೆದಿದ್ರೆ ಕಂಪೋಸ್ ಅದನ್ನ ವೇರಿಯೇಬಲ್ ಅಂತ ತಿಳಿಯುತ್ತೆ. ಎರಡು ಡಾಲರ್ ಹಾಕಬೇಕು. ನಾನು ಇದಕ್ಕೆ ಒಂದು ಇಡೀ ಭಾನುವಾರ ಕಳೆದಿದ್ದೀನಿ.

ಎರಡನೇಸಾಲು
.ಎನ್ವ್ ಬದಲಾಯಿಸಿ ಬರೀ ‘ರೀಸ್ಟಾರ್ಟ್’ ಕೊಟ್ಟರೆ ಅಲ್ಲಿ ಹೊಸದಾಗಿ ಬರೆದದ್ದು ಕಂಟೇನರ್‌ಗೆ ಹೋಗಲ್ಲ ಅನ್ನೋದನ್ನೂ ಸೇರಿಸಿ. ‘ಅಪ್ -ಡಿ’ ಕೊಟ್ಟರೆ ಮಾತ್ರ ಕಂಟೇನರ್ ಹೊಸದಾಗಿ ಸೃಷ್ಟಿಯಾಗುತ್ತೆ.

ಹೊಂಗೆನೆರಳು
ಬಂತು!!! ಮುಖಪುಟದಲ್ಲಿ ಮೊನ್ನೆ ಹಾಕಿದ ಕವಿತೆ, ಅದರ ಕೆಳಗೆ ಹದಿನಾಲ್ಕು ಕಾಮೆಂಟ್, ಎಲ್ಲ ಇದ್ದಲ್ಲೇ ಇದೆ. ಡಂಪ್‌ನ ಎರಡು ಪ್ರತಿ ಮಾಡಿ, ಒಂದನ್ನ ಸರ್ವರ್‌ನಿಂದ ಹೊರಗೆ ತಂದಿಟ್ಟೆ. ಎಲ್ಲರಿಗೂ ಹೇಗೆ ಋಣ ತೀರಿಸಲಿ ಗೊತ್ತಾಗ್ತಿಲ್ಲ. ಮುಂಗಾರು88 ಅವರೇ, ನೀವು ಬೇಸರ ಮಾಡಿಕೊಳ್ಳಬೇಡಿ, ಕಮಾಂಡ್ ಓದದೇ ಒತ್ತಿದ್ದು ನಾನು.

ಕಥಾಸೈಟ್ ವಾಲ್ಯೂಮ್ ಈಗ ಅಳಿಸಬಹುದಾ?

ರಾತ್ರಿಪಾಳಿ
ಒಂದು ವಾರ ಬಿಡಿ, ಅದು ಅನ್ನ ನೀರು ಕೇಳಲ್ಲ. ಆಮೇಲೆ ‘ವಾಲ್ಯೂಮ್ ಆರ್‌ಎಂ’ ಮುಂದೆ ಪೂರ್ತಿ ಹೆಸರು ಬರೆದು ಅಳಿಸಿ. ‘ಪ್ರೂನ್’ ಕಡೆ ಹೋಗಬೇಡಿ. ಡಾಕರ್ 23ರಿಂದ ‘ವಾಲ್ಯೂಮ್ ಪ್ರೂನ್’ ಹೆಸರಿಲ್ಲದ ವಾಲ್ಯೂಮ್‌ಗಳನ್ನ ಮಾತ್ರ ಅಳಿಸುತ್ತೆ, ಆದ್ರೆ ‘-ಎ’ ಸೇರಿಸಿದ್ರೆ ಬಳಕೆಯಲ್ಲಿಲ್ಲದ ಹೆಸರಿನವೂ ಹೋಗುತ್ತವೆ. ನಿನ್ನೆ ನಿಮ್ಮ ಹೊಸಸೈಟ್ ಲಿಂಕ್ಸ್ 0 ಇತ್ತು ನೋಡಿ, ಅಂಥದ್ದೇ ಅದಕ್ಕೆ ಮೊದಲ ತುತ್ತು.

ಮುಂಗಾರು88
ನಿಮ್ಮ ದೊಡ್ಡ ಮನಸ್ಸು. ಒಂದು ಸಂದೇಹ ಎಲ್ಲರಿಗೂ: ನನ್ನದರಲ್ಲಿ ಸರ್ವರ್ ಎದ್ದ ಮೊದಲ ಅರ್ಧ ನಿಮಿಷ ಮಾತ್ರ ಇದೇ ದೋಷ ಬರುತ್ತೆ, ಆಮೇಲೆ ತಾನಾಗೇ ಸರಿ. ‘ಡಿಪೆಂಡ್ಸ್ ಆನ್: ಡಿಬಿ’ ಅಂತ ಹಾಕಿದ್ದೀನಲ್ಲ?

ನೀಲಿಶಾಯಿ
ಬರೀ ‘ಡಿಪೆಂಡ್ಸ್ ಆನ್’ ಕಾಯೋದು ಡಿಬಿ ಕಂಟೇನರ್ ಶುರುವಾಗೋವರೆಗೆ, ಒಳಗಿನ ಡೇಟಾಬೇಸ್ ಸಿದ್ಧವಾಗೋವರೆಗಲ್ಲ. ಡೇಟಾಬೇಸ್ ಸಿದ್ಧವಾ ಅಂತ ಆಗಾಗ ಕೇಳೋ ಹೆಲ್ತ್‌ಚೆಕ್ ಬರೆದು, ‘ಕಂಡೀಷನ್: ಸರ್ವಿಸ್ ಹೆಲ್ದಿ’ ಅಂತ ಸೇರಿಸಿ. ಮೈಎಸ್‌ಕ್ಯುಎಲ್‌ಅಡ್ಮಿನ್ ಪಿಂಗ್ ಹಾಕಿ.

ಸಾಲುಸಂಖ್ಯೆ
ಪಿಂಗ್ ಸಾಲದು. ಪಾಸ್‌ವರ್ಡ್ ತಪ್ಪಿದ್ರೂ ‘ಜೀವಂತ ಇದ್ದೀನಿ’ ಅಂತ ಸೊನ್ನೆಯನ್ನೇ (ಎಲ್ಲ ಸರಿ ಅನ್ನೋ ಗುರುತು) ಹಿಂದಿರುಗಿಸುತ್ತೆ. ಜೊತೆಗೆ ಮೊದಲನೇ ಸಲ ಡೇಟಾಬೇಸ್ ತಯಾರಾಗುವಾಗ ಇಮೇಜ್ ಒಂದು ತಾತ್ಕಾಲಿಕ ಸರ್ವರ್ ಓಡಿಸುತ್ತೆ, ಅದಕ್ಕೆ ನೆಟ್‌ವರ್ಕ್ ಇರಲ್ಲ, ಸಾಕೆಟ್ ಮಾತ್ರ. ಲೋಕಲ್‌ಹೋಸ್ಟ್‌ಗೆ ಪಿಂಗ್ ಮಾಡಿದ್ರೆ ಆ ತಾತ್ಕಾಲಿಕದ್ದೇ ‘ಹೂಂ’ ಅನ್ನುತ್ತೆ, ವೆಬ್ ಎದ್ದು ಬಂದು ಬಾಗಿಲಿಗೆ ಡಿಕ್ಕಿ ಹೊಡೆಯುತ್ತೆ. ಕನಿಷ್ಠ 127.0.0.1 ಕೊಡಿ. ಮರಿಯಾಡಿಬಿ 11ರ ಇಮೇಜ್‌ನಲ್ಲಿ ಮೈಎಸ್‌ಕ್ಯುಎಲ್‌ಅಡ್ಮಿನ್ ಅನ್ನೋ ಹೆಸರೇ ಇಲ್ಲ, ಮರಿಯಾಡಿಬಿ-ಅಡ್ಮಿನ್ ಅಂತ ಕರೀಬೇಕು. ಆ ಇಮೇಜ್ ಜೊತೆಗೇ ಒಂದು ಹೆಲ್ತ್‌ಚೆಕ್ ಸ್ಕ್ರಿಪ್ಟ್ ಬರುತ್ತೆ, ‘--ಕನೆಕ್ಟ್’ ಮತ್ತು ‘--ಇನ್ನೋಡಿಬಿ_ಇನಿಶಿಯಲೈಸ್ಡ್’ ಕೊಟ್ಟು ಅದನ್ನೇ ಬಳಸಿ.

ರಾತ್ರಿಪಾಳಿ
ಇಷ್ಟೆಲ್ಲ ಮಾಡಿದ್ರೂ ಅದು ‘ಅಪ್’ ಕೊಡೋ ಕ್ಷಣಕ್ಕೆ ಮಾತ್ರ. ನಡುರಾತ್ರಿ ಮೂರು ಗಂಟೆಗೆ ಮೆಮೊರಿ ಸಾಲದೆ ಕರ್ನಲ್ ಡೇಟಾಬೇಸ್ ಕೊಂದು, ಅದು ಮತ್ತೆ ಏಳೋ ಹೊತ್ತಲ್ಲಿ ಯಾವ ‘ಡಿಪೆಂಡ್ಸ್ ಆನ್’ ಕೂಡ ನೆರವಿಗೆ ಬರಲ್ಲ. ಅಪ್ಲಿಕೇಷನ್ ನೀವೇ ಬರೆದದ್ದಾದ್ರೆ, ಸಿಗದಿದ್ದಾಗ ತುಸು ತಡೆದು ಮತ್ತೆ ಪ್ರಯತ್ನಿಸೋದನ್ನ ಅದಕ್ಕೇ ಕಲಿಸಬೇಕು. ಅಂದ ಹಾಗೆ ಡಿಬಿ ಕಂಟೇನರ್ 137 ಅನ್ನೋ ಕೋಡ್‌ನಿಂದ ಸತ್ತಿದ್ರೆ ಮೊದಲು ಮೆಮೊರಿ ನೋಡಿ.

ಕಪ್ಪುಪರದೆ
ಇದಕ್ಕೇ ನಾನು ಡೇಟಾಬೇಸನ್ನ ಕಂಟೇನರ್‌ನಲ್ಲಿ ಇಡೋದೇ ಇಲ್ಲ. ನೇರ ಸರ್ವರ್ ಮೇಲೆ ಇನ್‌ಸ್ಟಾಲ್ ಮಾಡ್ತೀನಿ.

ನೀಲಿಶಾಯಿ
ಆಗ ಕಂಟೇನರ್‌ನಿಂದ ಹೋಸ್ಟ್‌ಗೆ ದಾರಿ ಮಾಡಬೇಕು, ಬೈಂಡ್-ಅಡ್ರೆಸ್ ತಿದ್ದಬೇಕು, ಲಿನಕ್ಸ್‌ನಲ್ಲಾದ್ರೆ ‘ಹೋಸ್ಟ್-ಗೇಟ್‌ವೇ’ ಸಾಲು ಸೇರಿಸಬೇಕು. ತಾಪತ್ರಯ ಬೇರೆ ಕಡೆ ಹೋಗುತ್ತೆ ಅಷ್ಟೇ, ಕಡಿಮೆ ಆಗಲ್ಲ.

ಕಪ್ಪುಪರದೆ
ಆದ್ರೆ ಯಾರೋ ಫೋಲ್ಡರ್ ಹೆಸರು ಬದಲಾಯಿಸಿದ್ರೆ ನನ್ನ ಡೇಟಾಬೇಸ್ ಕಾಣೆಯಾಗಲ್ಲ.

ನೀಲಿಶಾಯಿ
ಅದು ಮಾತ್ರ ನಿಜ.

ಹೊಂಗೆನೆರಳು
ಇವತ್ತು ವಾಲ್ಯೂಮನ್ನ ಎಕ್ಸ್‌ಟರ್ನಲ್ ಮಾಡಿದೆ, ಪೋರ್ಟ್ಸ್ ಸಾಲು ತೆಗೆದೆ. ದಿನಾ ರಾತ್ರಿ ಡಂಪ್ ಆಗೋ ಹಾಗೆ ಕ್ರಾನ್ ಕೂಡ ಹಾಕಿದೆ. ನಾಳೆ ಆ ಡಂಪನ್ನ ಬೇರೆ ಖಾಲಿ ಕಂಟೇನರ್‌ಗೆ ತುಂಬಿ, ಬರಹಗಳು ನಿಜಕ್ಕೂ ತೆರೆಯುತ್ತವಾ ಅಂತ ನೋಡ್ತೀನಿ.

ಗೂಡುದೀಪ
5432 ಹಾಕಿದೆ, ಜಾಂಗೋ ಎದ್ದಿತು. ಈಗ ‘ರಿಲೇಷನ್ ಡಸ್ ನಾಟ್ ಎಗ್ಸಿಸ್ಟ್’ ಅಂತಿದೆ. ಸಾಲನ್ನ ಇದ್ದ ಹಾಗೇ ಅಂಟಿಸ್ತಿದ್ದೀನಿ, ನೋಡಿ ಹೇಳ್ತೀರಾ?

ಎರಡನೇಸಾಲು
ಕೀಲಿ ಸರಿ, ಮನೆ ಸರಿ, ಕೋಣೆ (ಅಂದ್ರೆ ಟೇಬಲ್) ಕಟ್ಟಿಲ್ಲ. ‘ಮೈಗ್ರೇಟ್’ ಓಡಿಸಿದ್ದೀರಾ?